ಬಾಲಣ್ಣನ ಜೀಪು ನಿಲ್ಲಲಿಲ್ಲ

ಕಳೆದ ವಾರ ಬದಿಯಡ್ಕ ಪೇಟೆಯಲ್ಲಿ ಒಂದು ಜೀಪು ನನ್ನನ್ನು ಬಿಟ್ಟು ಹೋಯಿತು.

ಜೀಪಿನಲ್ಲಿ ಜಾಗವಿತ್ತು. ಈ ಮಾತಿನ ಗಾಂಭೀರ್ಯ ನಿಮಗೆ ಅರ್ಥವಾಗಬೇಕಾದರೆ ನಮ್ಮ ಕಡೆಯ ಸರ್ವಿಸ್ ಜೀಪಿನಲ್ಲಿ ಒಮ್ಮೆಯಾದರೂ ಕುಳಿತಿರಬೇಕು. (ಕುಳಿತಿರಬೇಕು ಅಂದೆನೇ? ನೇತಾಡಿರಬೇಕು.) ಒಳಗೆ ಉಸಿರಾಡಲೂ ಜಾಗವಿಲ್ಲ ಎಂದು ನಮಗೆ ಅನಿಸುವಾಗ ಡ್ರೈವರಿಗೆ ಇನ್ನೂ ನಾಲ್ಕು ಜನರ ಜಾಗ ಕಾಣಿಸುತ್ತಿರುತ್ತದೆ. ಅಂಥ ಜೀಪು, ಅರ್ಧ ಖಾಲಿ ಇದ್ದುಕೊಂಡು, ರಸ್ತೆ ಬದಿಯಲ್ಲಿ ಕೈ ಅಡ್ಡ ಹಿಡಿದು ನಿಂತ ಹೆಂಗಸನ್ನು ಬಿಟ್ಟು ಹೋಯಿತೆಂದರೆ ಏನರ್ಥ?

ಡ್ರೈವರ್ ನನ್ನನ್ನು ನೋಡಲಿಲ್ಲ ಎಂದುಕೊಳ್ಳೋಣವೇ? ನೋಡಿದರು. ನೋಡಿಯೇ ಮುಖ ಆಚೆ ತಿರುಗಿಸಿದರು.

ಡ್ರೈವರ್ ಹೆಸರು ಬಾಲಣ್ಣ. ಮೊನ್ನೆ ಮೊನ್ನೆಯವರೆಗೆ ಇದೇ ಬಾಲಣ್ಣ ಮುಂದಿನ ಸೀಟಿನಲ್ಲಿದ್ದವರನ್ನು ಎಬ್ಬಿಸಿ ನನ್ನನ್ನು ಕೂರಿಸುತ್ತಿದ್ದರು. "ಲ್ಯಾಬಿನ ಅಕ್ಕ ಬಂದ್ರು, ಸ್ವಲ್ಪ ಹಿಂದೆ ಹೋಗಿ ಮಾರ್ರೆ" ಎಂದು ಗದರುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಖುಷಿಯೂ ಆಗುತ್ತಿತ್ತು.

"ಎಂತಕ್ಕ, ನಿಮ್ಮನ್ನೇ ಬಿಟ್ಟು ಹೋದ್ರಾ?" ಎಂದರು ಪಕ್ಕದ ಹಣ್ಣಿನ ಅಂಗಡಿಯವರು. ಏನೋ ಅರ್ಜೆಂಟ್ ಇರಬೇಕು ಎಂದೆ. ಅರ್ಜೆಂಟ್ ಏನೂ ಇರಲಿಲ್ಲ. ನಾನು ಬಾಲಣ್ಣನ ಹೆಂಡತಿಗೆ ಒಂದು ಪ್ರಶ್ನೆ ಕೇಳಿದ್ದೆ, ಅಷ್ಟೇ.

ಈ ಅಂಕಣವನ್ನು ಓದುತ್ತ ಬಂದವರಿಗೆ ನನ್ನ ಹೊಟ್ಟೆಪಾಡು ಗೊತ್ತು. ಕೇರಳದ ಬಂದ್ಯೋಡಿನಲ್ಲಿ ಬಸ್ ಹತ್ತಿ, ಗಡಿ ದಾಟಿ, ಮಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ದಿನ ಕಳೆದು, ಸಂಜೆ ಅದೇ ದಾರಿಯಲ್ಲಿ ವಾಪಸ್ ಬರುವವಳು ನಾನು. ಸಕ್ಕರೆ, ಕೊಲೆಸ್ಟರಾಲ್ ನೋಡುವ ಲ್ಯಾಬಲ್ಲ. ಒಬ್ಬರ ಕಿಡ್ನಿ ಇನ್ನೊಬ್ಬರಿಗೆ ಆಗುತ್ತದೆಯೋ ಇಲ್ಲವೋ ಎಂದು ನೋಡುವ ಲ್ಯಾಬು. ಅಂಗಾಂಶ ಹೊಂದಾಣಿಕೆ ಪರೀಕ್ಷೆ ಎನ್ನುತ್ತಾರೆ. ಜಾತಕ ಕೂಡುತ್ತದೋ ಎಂದು ನೋಡಿದ ಹಾಗೆ ಎಂದು ನಮ್ಮ ಚಿಕ್ಕಮ್ಮ ಎಲ್ಲರಿಗೂ ಹೇಳಿಕೊಂಡು ಬರುತ್ತಾರೆ. (ಜಾತಕ ಕೂಡಿಯೂ ಕೂಡದ ಜೋಡಿಗಳನ್ನು ನಾವೆಲ್ಲ ನೋಡಿದ್ದೇವೆ, ಅದು ಬೇರೆ ಮಾತು.)

ನಾನು ಆಗಾಗ ಹೋಗುವ ಆ ಚಿಕ್ಕಮ್ಮನ ಮನೆ ಇರುವುದು ಬದಿಯಡ್ಕ ಪೇಟೆಯಿಂದ ಒಳಗೆ. ಅವರ ನೆರೆಮನೆಯವರೇ ಬಾಲಣ್ಣ ಮತ್ತು ಗಿರಿಜಕ್ಕ. ಗಿರಿಜಕ್ಕನ ಎರಡೂ ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾದಾಗ ಬಾಲಣ್ಣ ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ನನ್ನದು ಎರಡು ಉಂಟಲ್ಲ, ಒಂದು ಅವಳಿಗೆ" ಎಂದರು. ಬ್ಲಡ್ ಗ್ರೂಪ್ ಕೂಡಿತು. ಬಾಲಣ್ಣ ಅದೇ ದಿನ ಬೀಡಿ ಬಿಟ್ಟರು. ಹೆಂಡತಿ ಗಂಡನಿಗೆ ಕೊಡುವುದನ್ನು ನಮ್ಮ ಲ್ಯಾಬಿನಲ್ಲಿ ದಿನಾ ನೋಡುತ್ತೇನೆ. ಗಂಡ ಹೆಂಡತಿಗೆ ಕೊಡುವುದು ಅಪರೂಪ. ಹಾಗಾಗಿ ಬಾಲಣ್ಣನ ಮೇಲೆ ನನಗೆ ವಿಶೇಷ ಗೌರವ. ಇವತ್ತಿಗೂ ಉಂಟು, ಜೀಪು ನಿಲ್ಲಿಸದಿದ್ದರೂ.

ಮೊದಲ ಸಲ ರಕ್ತ ಕೊಡಲು ಅವರು ಬಂದದ್ದು ಹೇಗೆ ಗೊತ್ತೇ? ಒಂದು ಜೀಪು ಭರ್ತಿ. ಗಂಡ, ಅತ್ತೆ, ನಾದಿನಿ, ನಾದಿನಿಯ ಗಂಡ, ಜೀಪು ಸ್ಟ್ಯಾಂಡಿನ ಇಬ್ಬರು ಗೆಳೆಯರು, ನನ್ನ ಚಿಕ್ಕಮ್ಮ. ನಮ್ಮ ಕಡೆ ರೋಗಿ ಒಬ್ಬರೇ ಆಸ್ಪತ್ರೆಗೆ ಹೋದರೆ ಮನೆಯವರಿಗೆ ಅವಮಾನ. ಪ್ರೀತಿಯೇ ಅದು, ಇಲ್ಲ ಅನ್ನುವುದಿಲ್ಲ. ಆದರೆ ಲ್ಯಾಬಿನ ಕಿಟಕಿಯಲ್ಲಿ ನಾನು ಪ್ರಶ್ನೆ ಕೇಳಿದರೆ ಉತ್ತರ ಹೇಳುವುದು ರೋಗಿಯಲ್ಲ, ಜೀಪು!

"ಶುಗರ್ ಉಂಟಾ?" "ಇಲ್ಲ ಇಲ್ಲ." (ನಾದಿನಿ.)

"ಮೊದಲು ರಕ್ತ ಹಾಕಿಸಿಕೊಂಡಿದ್ದಾರಾ?" "ಇಲ್ಲಪ್ಪ, ಅಂಥದ್ದೆಲ್ಲ ಎಂತ ಇಲ್ಲ." (ನಾದಿನಿಯ ಗಂಡ. ಅವರಿಗೆ ಹೇಗೆ ಗೊತ್ತು?)

"ಮಕ್ಕಳೆಷ್ಟು?" "ಒಂದು ಹೆಣ್ಣು." (ಅತ್ತೆ.)

ಗಿರಿಜಕ್ಕ ಎಲ್ಲರ ಹಿಂದೆ ಕುರ್ಚಿಯಲ್ಲಿ ಕುಳಿತು ಒಂದು ಕೈಯಿಂದ ಇನ್ನೊಂದು ಕೈ ನೀವಿಕೊಳ್ಳುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಪರೀಕ್ಷೆ ಮಾಡಿದೆವು. ಬಾಲಣ್ಣನ ಬಿಳಿ ರಕ್ತಕಣಗಳಿಗೆ ಗಿರಿಜಕ್ಕನ ಸೀರಂ, ಅಂದರೆ ರಕ್ತದ ತಿಳಿ, ಹಾಕಿ ಕಾದು ನೋಡುವುದು. ಕಣಗಳು ಸತ್ತರೆ ಆ ಕಿಡ್ನಿ ಆಗುವುದಿಲ್ಲ, ಬದುಕಿದರೆ ಆಗಬಹುದು. ಬದುಕಿದ್ದವು ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಹೊಳೆಯುತ್ತವೆ, ಸತ್ತವು ಕೆಂಪಾಗುತ್ತವೆ. ಬಾಲಣ್ಣನ ಕಣಗಳು ಗದ್ದೆಯ ಹಾಗೆ ಹಸಿರು! ರಿಪೋರ್ಟ್ ಕೊಟ್ಟ ದಿನ ಬಾಲಣ್ಣ ನಮ್ಮ ಲ್ಯಾಬಿಗೆಲ್ಲ ಹಲಸಿನ ಹಪ್ಪಳ ತಂದುಕೊಟ್ಟರು. ಆಪರೇಷನ್ನಿಗೆ ದಿನವೂ ನಿಗದಿಯಾಯಿತು.

ಅಷ್ಟರಲ್ಲಿ ಬಂತು ನಮಗೆ ತರಬೇತಿ.

ನಮ್ಮ ಲ್ಯಾಬಿಗೆ ಹೊಸ ಮೆಷಿನ್ ಬಂದಿತ್ತು. ಹಳೆಯ ಪರೀಕ್ಷೆಗೆ ಕಾಣದ್ದು ಇದಕ್ಕೆ ಕಾಣುತ್ತದಂತೆ. ಅದನ್ನು ಕಲಿಸಲು ತಮಿಳುನಾಡಿನಿಂದ ಒಬ್ಬರು ಹಿರಿಯ ಮೇಡಂ ಬಂದರು. ಬೇರೆ ಬೇರೆ ಆಸ್ಪತ್ರೆಗಳಿಂದ ನನ್ನಂಥವರು ಬಂದು ಸೇರಿದರು, ಟ್ಯೂಬು ಪಿಪೆಟ್ಟುಗಳ ನಡುವೆಯೇ ಕೂದಲು ನೆರೆತವರು. ತರಬೇತಿ ಎಂದರೆ ನಿಮಗೆ ಗೊತ್ತಲ್ಲ? ಮರಗಟ್ಟಿಸುವ ಎಸಿ, ಮುಗಿಯದ ಸ್ಲೈಡು, ಕ್ರೀಂ ಬಿಸ್ಕತ್ತು, ಕೊನೆಗೆ ಗ್ರೂಪ್ ಫೋಟೋ. ನಾನೂ ಅಷ್ಟೇ ಎಂದುಕೊಂಡು ಹೋಗಿದ್ದೆ.

ಮೇಡಂ ಸ್ಲೈಡು ಹಾಕಲೇ ಇಲ್ಲ. "ಒಬ್ಬರ ರಕ್ತ ಒಬ್ಬರು ತೆಗೆಯಿರಿ, ಇವತ್ತು ರೋಗಿಗಳು ನೀವೇ" ಎಂದರು. ನನ್ನ ಸೀರಮ್ಮಿಗೆ ಜೊತೆಯಾದದ್ದು ನಮ್ಮ ಲ್ಯಾಬಿನದೇ ಅಶ್ರಫ್ ಅವರ ರಕ್ತಕಣ. ಅಶ್ರಫ್ ಕುಂಜತ್ತೂರಿನವರು, ನಿತ್ಯ ಒಂದೇ ಬಸ್ಸಿನಲ್ಲಿ ಹೋಗಿ ಬರುವವರು ನಾವು. ಕಾದು, ಬಣ್ಣ ಹಾಕಿ, ಕಣ್ಣಿಟ್ಟು ನೋಡಿದರೆ ಎಲ್ಲ ಕೆಂಪು.

"ಎಂತ ಮಾರ್ರೆ, ನನ್ನನ್ನು ಕೊಂದೇ ಬಿಟ್ರಲ್ಲ!" ಎಂದರು ಅಶ್ರಫ್. ತರಬೇತಿಗೆ ಬಂದವರೆಲ್ಲ ನಕ್ಕರು. ಮೇಡಂ ಬಂದು ನೋಡಿದರು. ನಗಲಿಲ್ಲ.

"ನೀವು ಎಷ್ಟು ಸಲ ಗರ್ಭಿಣಿಯಾಗಿದ್ದಿರಿ?" ಎಂದು ಕೇಳಿದರು.

"ಒಬ್ಬಳೇ ಮಗಳು ಮೇಡಂ."

"ನಾನು ಮಕ್ಕಳನ್ನು ಕೇಳಲಿಲ್ಲ."

ನಾನು ಟ್ರೇಯನ್ನೇ ನೋಡುತ್ತ "ಎರಡು" ಎಂದೆ. ಮಗಳಿಗಿಂತ ಮೊದಲು ಒಂದು ಇತ್ತು. ನಾಲ್ಕನೇ ತಿಂಗಳಲ್ಲಿ ಹೋಯಿತು. ಇಷ್ಟು ವರ್ಷ ನಿಮ್ಮೊಂದಿಗೆ ಏನೇನೋ ಹರಟಿದ್ದೇನೆ, ಇದನ್ನು ಬರೆದಿರಲಿಲ್ಲ. ಬರೆಯಬೇಕೆಂದು ಅನಿಸಿಯೂ ಇರಲಿಲ್ಲ.

ಮೇಡಂ ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಹೊಟ್ಟೆಯಲ್ಲಿರುವ ಮಗುವಿನಲ್ಲಿ ಅರ್ಧ ಅಮ್ಮನ ಗುರುತು, ಅರ್ಧ ಅಪ್ಪನದು. ಆ ಅಪ್ಪನ ಅರ್ಧವನ್ನು ಅಮ್ಮನ ಮೈ ಹೊರಗಿನದು ಎಂದು ತಿಳಿದು, ಅದರ ವಿರುದ್ಧ ಆಯುಧ ಮಾಡಿ ಇಟ್ಟುಕೊಳ್ಳುವುದುಂಟು. ಎಲ್ಲರಲ್ಲೂ ಅಲ್ಲ, ಕೆಲವರಲ್ಲಿ. ಮಗುವಿಗೆ ಅದರಿಂದ ತೊಂದರೆಯಿಲ್ಲ, ಅಮ್ಮನಿಗೂ ಇಲ್ಲ. ಆದರೆ ಮುಂದೊಂದು ದಿನ ಅದೇ ಗುರುತಿನ ಕಿಡ್ನಿ ಬಂದರೆ ಮೈ ಅದರ ಮೇಲೆ ಬೀಳುತ್ತದೆ. (ಅಶ್ರಫ್ ಅವರಲ್ಲಿ ನನ್ನ ಗಂಡನದೇ ಒಂದು ಗುರುತು ಇದ್ದಿರಬೇಕು, ಪಾಪ.) ಮಗು ಹುಟ್ಟಿ ಬದುಕಿತೋ, ಹುಟ್ಟದೆ ಹೋಯಿತೋ ಎಂಬುದು ಮೈಗೆ ಮುಖ್ಯವಲ್ಲ. ಹೊರಗಿನವರ ರಕ್ತ ಹಾಕಿದ್ದರೂ ಹೀಗೆ ಆಗಬಹುದು.

"ಆಯುಧ ಕಡಿಮೆ ಇದ್ದರೆ ಹಳೆಯ ಪರೀಕ್ಷೆಗೆ ಕಾಣುವುದಿಲ್ಲ. ಯಾರಲ್ಲಿ ಹುಡುಕಬೇಕೆಂದು ಮೆಷಿನ್ ಹೇಳುವುದಿಲ್ಲ, ಹೆಂಗಸು ಹೇಳಬೇಕು. ನೀವು ಈಗಾಗಲೇ ಕೇಳಿ ಮುಗಿಸಿದವರಲ್ಲಿ ಒಬ್ಬರನ್ನು ಮತ್ತೆ ಕೇಳಿಕೊಂಡು ಬನ್ನಿ. ಆದರೆ ಅವರೊಬ್ಬರೇ ಇರುವಾಗ ಕೇಳಿ" ಎಂದರು ಮೇಡಂ. ಅದೇ ನಮ್ಮ ಹೋಂವರ್ಕ್.

ನನಗೆ ಯೋಚಿಸಬೇಕಾಗಲೇ ಇಲ್ಲ. "ಒಂದು ಹೆಣ್ಣು" ಎಂದದ್ದು ಗಿರಿಜಕ್ಕ ಅಲ್ಲ.

ಭಾನುವಾರ ಅವರ ಮನೆಗೆ ಹೋದೆ. ಬಾಲಣ್ಣ ಸಂಭ್ರಮದಿಂದ ಕುರ್ಚಿ ಹಾಕಿದರು, ಚಹಾ ಬಂತು. "ಗಿರಿಜಕ್ಕನ ಹತ್ತಿರ ಒಂಚೂರು ಮಾತಾಡ್ಲಿಕ್ಕುಂಟು, ಒಬ್ಬರ ಹತ್ತಿರವೇ" ಎಂದೆ. ಅಲ್ಲಿಗೆ ಸಂಭ್ರಮ ಅರ್ಧವಾಯಿತು.

"ನಮ್ಮೆದುರು ಕೇಳ್ಲಿಕ್ಕಾಗದ್ದು ಎಂತ ಉಂಟು ಮಗಾ?" ಎಂದರು ಅತ್ತೆ. ಕೆಟ್ಟ ಹೆಂಗಸಲ್ಲ. ಸೊಸೆಯ ಊಟದಲ್ಲಿ ಉಪ್ಪು ಬೇಡ ಎಂದು ತಾವೂ ಉಪ್ಪು ಕಡಿಮೆ ಮಾಡಿದವರು. ಏನೋ ಲ್ಯಾಬಿನ ರೂಲ್ಸ್ ಎಂದು ಹೇಳಿ ಗಿರಿಜಕ್ಕನನ್ನು ಹಿತ್ತಲಿಗೆ ಕರೆದುಕೊಂಡು ಹೋದೆ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು. ಕಾಲು ಊದಿತ್ತು. ಕೈಯಲ್ಲಿ ಒಂದು ಪುಟ್ಟ ಸ್ಟೀಲ್ ಲೋಟ, ಅದರಲ್ಲಿ ನೀರು. ಡಯಾಲಿಸಿಸ್‌ನವರಿಗೆ ನೀರೂ ಅಳತೆಯಲ್ಲೇ. ಕುಡಿಯದೆ ಹಿಡಿದುಕೊಂಡೇ ಇದ್ದರು.

"ಮಕ್ಕಳಾ? ಅದು ನಿಮಗೆ ಗೊತ್ತುಂಟಲ್ಲ. ಒಂದೇ."

"ಮಕ್ಕಳಲ್ಲ ಗಿರಿಜಕ್ಕ. ಎಷ್ಟು ಸಲ ಬಸುರಿ ಆಗಿದ್ರಿ?"

ಅವರು ಅಡುಗೆಮನೆಯ ಬಾಗಿಲ ಕಡೆ ನೋಡಿದರು.

"ನಾಲ್ಕು," ಎಂದರು. "ಮಗಳಿಗಿಂತ ಮೊದಲು ಒಂದು. ಮಗಳಾದ ಮೇಲೆ ಎರಡು. ಕೊನೇದು ಗಂಡು. ಎಂಟು ತಿಂಗಳು ಆಗಿತ್ತು. ನಂಗೆ ತೋರಿಸ್ಲಿಲ್ಲ. ನೋಡಿದ್ರೆ ಮರೀಲಿಕ್ಕೆ ಆಗುವುದಿಲ್ಲಂತ ಅತ್ತೆ ಹೇಳಿದ್ರು. ಆವಾಗ ನಂಗೆ ರಕ್ತ ಸಹ ಹಾಕಿದ್ರು."

"ಆಸ್ಪತ್ರೆಯಲ್ಲಿ ಯಾಕೆ ಹೇಳ್ಲಿಲ್ಲ?"

"ನನ್ನತ್ರ ಯಾರು ಕೇಳಿದ್ದು? ಮತ್ತೆ ಅದನ್ನೆಲ್ಲ ಮಕ್ಕಳು ಅಂತ ಹೇಳುವುದಾ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮದುವೆ ಹಾಲಿನಲ್ಲಿ, ಬಸ್ಸಿನಲ್ಲಿ, ಪಡಿತರದ ಕ್ಯೂವಿನಲ್ಲಿ, ಪರಿಚಯವೇ ಇಲ್ಲದ ಹೆಂಗಸನ್ನು ನಾವು ಮೊದಲು ಕೇಳುವುದು ಏನು? ಮಕ್ಕಳೆಷ್ಟು. ಒಂದು ಎಂದರೆ, ಒಂದೇ ಯಾಕೆ? ಇಲ್ಲ ಎಂದರೆ, ಯಾವ ಡಾಕ್ಟರಿಗೆ ತೋರಿಸಿದಿರಿ? ಇಷ್ಟೆಲ್ಲ ಕೇಳಲು ನಾಚಿಕೆಯಿಲ್ಲದ ನಾವು, ಮಗು ಕಳೆದುಕೊಂಡು ಮನೆಗೆ ಬಂದವಳ ಹತ್ತಿರ ಏನು ಹೇಳುತ್ತೇವೆ? "ಹೋಗಲಿ ಬಿಡು, ಇನ್ನೊಂದು ಆಗ್ತದೆ." ಮೂರನೇ ದಿನ ಅವಳು ಪಾತ್ರೆ ತಿಕ್ಕುತ್ತಿರುತ್ತಾಳೆ. ಆಮೇಲೆ ಆ ವಿಷಯವನ್ನೇ ಯಾರೂ ಎತ್ತುವುದಿಲ್ಲ. ಎತ್ತದಿರುವುದೇ ದೊಡ್ಡ ಉಪಕಾರ ಎಂದುಕೊಳ್ಳುತ್ತೇವೆ. ನನ್ನ ಮನೆಯವರೂ ಹಾಗೆಯೇ ಉಪಕಾರ ಮಾಡಿದ್ದರು.

ಡಾಕ್ಟರಿಗೆ ಹೇಳಿದೆ. ಅವರು ತಕ್ಷಣ ಹೊಸ ಪರೀಕ್ಷೆ ಬರೆದುಕೊಟ್ಟರು. ತರಬೇತಿಯ ಮೇಡಂ ಇನ್ನೂ ಇದ್ದರು, ನನ್ನ ಪಕ್ಕದಲ್ಲೇ ಕುಳಿತು ಮಾಡಿಸಿದರು. ಮೆಷಿನ್ ತನ್ನ ಪಾಡಿಗೆ ಓಡುತ್ತಿತ್ತು. ನನಗೆ ದೇವರೇ, ಏನೂ ಕಾಣದಿರಲಿ ಎಂದು ಅನಿಸುತ್ತಿತ್ತು. ಕಂಡಿತು. ಗಿರಿಜಕ್ಕನ ರಕ್ತದಲ್ಲಿ ಬಾಲಣ್ಣನ ಗುರುತುಗಳ ವಿರುದ್ಧವೇ ಆಯುಧ ಇತ್ತು. ಎರಡೆರಡು ಸಲ ನೋಡಿದೆವು.

ಆಪರೇಷನ್ ಕ್ಯಾನ್ಸಲ್ ಆಯಿತು.

ಡಾಕ್ಟರು ಬಾಲಣ್ಣನಿಗೆ ಹೇಳಿದರು. ಅವರಿಗೆ ಅರ್ಥವಾಗಲಿಲ್ಲ. ಕಾರಿಡಾರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು.

"ಮೊದಲಿನ ರಿಪೋರ್ಟ್ ಸರಿ ಇತ್ತಲ್ಲ ಅಕ್ಕ?"

"ಆ ಪರೀಕ್ಷೆಗೆ ಇದು ಕಾಣಲಿಲ್ಲ ಬಾಲಣ್ಣ."

"ಕಾಣದ್ದನ್ನು ನೀವೆಂತಕ್ಕೆ ಹುಡುಕಿದ್ದು?"

ಹೇಳಿದೆ. ಹಾಗೇ ಆಪರೇಷನ್ ಮಾಡಿದ್ದರೆ ನಿಮ್ಮ ಕಿಡ್ನಿ ಅವರ ಮೈಯಲ್ಲಿ ಕೆಲವೇ ದಿನಗಳಲ್ಲಿ ಸತ್ತು ಹೋಗಬಹುದಿತ್ತು, ಅವರ ಜೀವಕ್ಕೇ ಅಪಾಯವಾಗಬಹುದಿತ್ತು, ನಿಮಗೂ ಒಂದು ಕಿಡ್ನಿ ಇಲ್ಲವಾಗುತ್ತಿತ್ತು ಎಂದೆ. ಬಾಲಣ್ಣ ಕೇಳಿಸಿಕೊಂಡರು. ಆದರೆ 'ಆಗಬಹುದಿತ್ತು' ಎನ್ನುವುದನ್ನು ನಂಬುವುದು ಹೇಗೆ? ಆಗದೆ ಹೋದ ಅನಾಹುತ ಯಾರ ಕಣ್ಣಿಗೂ ಕಾಣುವುದಿಲ್ಲ. ಕೈತಪ್ಪಿದ ಆಪರೇಷನ್ ದಿನ ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಹಾಗೇ ಇರುತ್ತದೆ.

"ನಾನು ಬೀಡಿ ಸಹ ಬಿಟ್ಟಿದ್ದೆ" ಎಂದು ಹೇಳಿ ಮೆಟ್ಟಿಲು ಇಳಿದು ಹೋದರು. ನಾನು ಟಾಯ್ಲೆಟ್ಟಿಗೆ ಹೋಗಿ ಅತ್ತುಬಿಟ್ಟೆ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಮಗಳು ಕೊಡಬಹುದಲ್ಲ ಎಂದು ನೀವು ಕೇಳುತ್ತೀರಿ. ಗಿರಿಜಕ್ಕನ ಮಗಳು ಕಾಸರಗೋಡಿನಲ್ಲಿ ಕೆಲಸದಲ್ಲಿದ್ದಾಳೆ, ಒಳ್ಳೆಯ ಹುಡುಗಿ. ಅವಳೇ ರಜೆ ಹಾಕಿ ಬಂದು ಕೈ ಚಾಚಿದಳು. ಪರೀಕ್ಷೆ ಮಾಡಿದೆವು. ಅವಳಲ್ಲೂ ಅಪ್ಪನ ಅರ್ಧ ಇದೆಯಲ್ಲ? ಅದೇ ಗುರುತು, ಅದೇ ಉತ್ತರ. ಗಿರಿಜಕ್ಕನ ಅಣ್ಣ ತಮ್ಮಂದಿರಲ್ಲಿ ಕೊಡುವಷ್ಟು ಆರೋಗ್ಯ ಯಾರಿಗೂ ಇಲ್ಲ. ಇನ್ನು ಉಳಿದದ್ದು ತೀರಿಹೋದವರ ಕಿಡ್ನಿಗೆ ಹೆಸರು ಕೊಟ್ಟು ಕಾಯುವುದು. ರಕ್ತದ ಆ ಆಯುಧವನ್ನು ಕಡಿಮೆ ಮಾಡುವ ಚಿಕಿತ್ಸೆಯೂ ಇದೆ, ಗಿರಿಜಕ್ಕನ ಹೃದಯ ಅದನ್ನು ತಡೆದುಕೊಳ್ಳುವುದು ಕಷ್ಟ ಎಂದರು ಡಾಕ್ಟರು. ಕಾಯುವುದಾದರೂ ಗಡಿಯ ಯಾವ ಬದಿಯಲ್ಲಿ? ಮನೆ ಕೇರಳದಲ್ಲಿ, ಡಯಾಲಿಸಿಸ್ ಕರ್ನಾಟಕದಲ್ಲಿ. ಆ ಆಫೀಸಿಗೆ ಹೋದರೆ ಈ ಆಫೀಸು ತೋರಿಸುತ್ತಾರೆ. ನಮಗೆ ಇದು ಹೊಸತೇ?

ಇದಕ್ಕಿಂತ ಕೆಟ್ಟದ್ದು ಊರಿನ ಬಾಯಿ. "ಗಂಡ ಕಿಡ್ನಿ ಕೊಡ್ತೇನೆ ಅಂದ್ರೂ ಅವಳ ಮೈ ಬೇಡ ಅಂತದಂತೆ" ಎಂದು ಒಬ್ಬರು ನನ್ನ ಚಿಕ್ಕಮ್ಮನ ಜಗಲಿಯಲ್ಲೇ ಕುಳಿತು ಹೇಳಿದರು. ಆ ಮಕ್ಕಳು ಹೋದಾಗಲೂ ತಪ್ಪು ಗಿರಿಜಕ್ಕನದೇ ಆಗಿತ್ತು. ಈಗ ಇದೂ ಅವರದೇ. ಹಿತ್ತಲಿನಲ್ಲಿ ನನಗೆ ನಿಜ ಹೇಳಿದ್ದಕ್ಕೆ ಮನೆಯಲ್ಲಿ "ನೀನೆಂತಕ್ಕೆ ಬಾಯಿ ಬಿಟ್ಟದ್ದು?" ಎಂಬ ಮಾತನ್ನೂ ಕೇಳಿಸಿಕೊಂಡರು. ನನಗೆ ಸಿಕ್ಕಿದ ಶಿಕ್ಷೆ ಒಂದು ಜೀಪು ತಪ್ಪಿದ್ದು ಮಾತ್ರ.

ಜೀಪು ತಪ್ಪಿದ ಮರುದಿನ ನಮ್ಮ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಿಂದ ಗಿರಿಜಕ್ಕ ಹೇಳಿಕಳಿಸಿದರು. ಹೋದೆ. ಕೈಗೆ ಪೈಪು ಚುಚ್ಚಿಕೊಂಡು ಮಲಗಿದ್ದರು. ಪಕ್ಕದಲ್ಲಿ ಅವರ ರಕ್ತ ಮೆಷಿನ್ನಿನೊಳಗೆ ಸುತ್ತುತ್ತಿತ್ತು.

"ನಿನ್ನೆ ಇವರು ಜೀಪು ನಿಲ್ಲಿಸ್ಲಿಲ್ಲಂತೆ. ಬೇಜಾರ ಮಾಡ್ಬೇಡಿ. ನಿಮ್ಮ ಮೇಲೆ ಸಿಟ್ಟಲ್ಲ ಅವರಿಗೆ. ನಂಗೆ ಕಿಡ್ನಿ ಕೊಡ್ಲಿಕ್ಕೆ ಆಗ್ಲಿಲ್ಲಂತ ಸಂಕಟ."

ಇದನ್ನೆಲ್ಲ ಅಂಕಣದಲ್ಲಿ ಬರೆಯಲೇ, ಹೆಸರು ಬದಲಿಸಿ, ಎಂದು ಕೇಳಿದೆ. "ಬರೀರಿ," ಎಂದರು. "ಬೇರೆ ಹೆಂಗಸರಾದ್ರೂ ಮೊದಲೇ ಹೇಳ್ಲಿ. ನಂಗೆ ಕನ್ನಡ ಓದ್ಲಿಕ್ಕೆ ಬರುವುದಿಲ್ಲ, ಮಗಳು ಓದಿ ಹೇಳ್ತಾಳೆ." ಗಿರಿಜಕ್ಕ ಕಾಞಂಗಾಡಿನ ಕಡೆಯವರು, ಮಲಯಾಳ ಮೀಡಿಯಮ್ಮಿನಲ್ಲಿ ಓದಿದವರು. ಮಗಳು ಕಲಿತದ್ದು ಕನ್ನಡ ಶಾಲೆಯಲ್ಲಿ.

ಮಗಳೇ, ಅಮ್ಮನಿಗೆ ಇಲ್ಲಿಯವರೆಗೆ ಓದಿದರೆ ಸಾಕು. ಮುಗಿಯಿತು ಎಂದು ಹೇಳಿ ಪೇಪರ್ ಮಡಚಿಡು.

ನಾನು ಏಳುವಷ್ಟರಲ್ಲಿ ಗಿರಿಜಕ್ಕ ನನ್ನ ಕೈ ಹಿಡಿದುಕೊಂಡರು. "ಆ ಗಂಡು ಉಂಟಲ್ಲ, ಇದ್ದಿದ್ರೆ ಈಗ ಹದಿನೆಂಟು ದಾಟ್ತಿತ್ತು," ಎಂದರು. "ಅವನು ಕೊಟ್ಟಿದ್ರೆ ಆಗ್ತಿತ್ತಾ?"

ಅವನಲ್ಲೂ ಅಪ್ಪನ ಅರ್ಧ. ಅವನ ಅಕ್ಕನಿಗೆ ಬಂದ ಗುರುತು ಅವನಿಗೆ ಬಂದಿತ್ತೋ ಇಲ್ಲವೋ, ಯಾರಿಗೆ ಗೊತ್ತು? ಆದರೆ ಗಿರಿಜಕ್ಕನ ರಕ್ತ ಆಯುಧ ಮಾಡಲು ಕಲಿತದ್ದು ಆ ಬಸುರುಗಳಲ್ಲೇ. ಅವನದರಲ್ಲಿ ಕಲಿತದ್ದೇ ಹೆಚ್ಚು ಇರಬೇಕು. ತರಬೇತಿ ಮುಗಿಸಿ ಸರ್ಟಿಫಿಕೇಟ್ ಪಡೆದ ನನಗೆ ಇದು ಗೊತ್ತಿತ್ತು.

"ಆಗ್ತಿತ್ತು ಗಿರಿಜಕ್ಕ" ಎಂದೆ.

ಅವರು ಕಣ್ಣು ಮುಚ್ಚಿಕೊಂಡು ಸ್ವಲ್ಪ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಷ್ಟು ವರ್ಷದ ಸರ್ವಿಸಿನಲ್ಲಿ ನಾನು ಕೊಟ್ಟ ಸುಳ್ಳು ರಿಪೋರ್ಟ್ ಇದೊಂದೇ. ಇದನ್ನೂ ಕ್ಯಾನ್ಸಲ್ ಮಾಡಬೇಕೆನ್ನುತ್ತೀರಾ?